ಫೋರ್‌ಮನ್ ಜೊತೆ ಎಂಟು ತಿಂಗಳು

ಅಪ್ಪ ಮೊಹಮ್ಮದ್ ಅಲಿಯ ಕಥೆ ಹೇಳುವಾಗ ಅದರಲ್ಲೊಬ್ಬ ರಾಕ್ಷಸ ಇರುತ್ತಿದ್ದ. ದೊಡ್ಡ ಮೈ, ನಗದ ಮುಖ, ಆನೆಯನ್ನೂ ಮಲಗಿಸುವಂಥ ಕೈ. ಅಲಿ ಹಗ್ಗಕ್ಕೆ ಒರಗಿ ನಿಂತು ಅವನ ಗುದ್ದೆಲ್ಲ ತಿಂದ. ಅವನು ದಣಿದ ಮೇಲೆ ಎಂಟನೇ ರೌಂಡ್‌ನಲ್ಲಿ ಮಲಗಿಸಿದ. ಅಲ್ಲಿಗೆ ಕಥೆ ಮುಗಿಯುತ್ತಿತ್ತು. ಬಿದ್ದವನು ಆಮೇಲೆ ಏನಾದ ಅಂತ ನಾನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ.

2025ರ ಮಾರ್ಚ್ 21ರಂದು ಜಾರ್ಜ್ ಫೋರ್‌ಮನ್ ತೀರಿಕೊಂಡ. 76 ವರ್ಷ ಆಗಿತ್ತು. ಆ ಸುದ್ದಿ ಓದುವಾಗಲೇ ನನಗೆ ಗೊತ್ತಾಗಿದ್ದು, ಅಪ್ಪನ ಕಥೆಯ ರಾಕ್ಷಸ ಆ ರಾತ್ರಿಯ ನಂತರ ಇನ್ನೂ 50 ವರ್ಷ ಬದುಕಿದ್ದ ಅಂತ. ಬಾಕ್ಸಿಂಗ್ ಬಿಟ್ಟು ಹತ್ತು ವರ್ಷ ಪಾದ್ರಿಯಾಗಿದ್ದ. ಮತ್ತೆ ರಿಂಗಿಗೆ ಬಂದ. 45ನೇ ವಯಸ್ಸಿನಲ್ಲಿ ಎರಡನೇ ಸಲ ಹೆವಿವೇಟ್ ವಿಶ್ವ ಚಾಂಪಿಯನ್ ಆದ.

ಓದಿ ಮುಗಿಸಿ ಸುಮ್ನೆ ಕೂತಿದ್ದೆ. ನನಗೂ ಆಗ 45. ಹದಿನೆಂಟು ವರ್ಷದಿಂದ ಕುರ್ಚಿಯಲ್ಲಿ ಕೂತು ಲೆಕ್ಕ ಬರೆಯುವ ಕೆಲಸ. ಭುಜ ಹಿಡಿದುಕೊಂಡಿತ್ತು. ಎರಡು ಮಹಡಿ ಹತ್ತಿದರೆ ಏದುಸಿರು. ಈ ವಯಸ್ಸಿಗೆ ಇನ್ನೇನು ಹೊಸದಾಗಿ ಕಲಿಯುವುದು ಅಂತ ನನಗೆ ನಾನೇ ಹೇಳಿಕೊಳ್ಳಲು ಶುರು ಮಾಡಿ ಎಷ್ಟೋ ಕಾಲವಾಗಿತ್ತು. ಅದೇ ವಯಸ್ಸಿಗೆ ಒಬ್ಬ ಮನುಷ್ಯ ತನಗಿಂತ 19 ವರ್ಷ ಚಿಕ್ಕವನ ಎದುರು ನಿಂತು ಗೆದ್ದ ಅಂದರೆ ಹೇಗೆ ಗೆದ್ದ? ಓದಿ ತಿಳಿಯುವುದು ಒಂದು, ಮೈಗೆ ತಿಳಿಯುವುದು ಇನ್ನೊಂದು. ನನಗೆ ಎರಡೂ ಬೇಕಿತ್ತು.

ಡಾಕ್ಟರ ಹತ್ತಿರ ಹೋಗಿ ಬಿಪಿ, ಇಸಿಜಿ ಎಲ್ಲ ಮಾಡಿಸಿದೆ. ಬಾಕ್ಸಿಂಗ್ ಕಲಿಸುವ ಕಡೆ ಹೋಗಿ ಹೆಸರು ಕೊಟ್ಟೆ. ವಾರಕ್ಕೆ ಮೂರು ಬೆಳಿಗ್ಗೆ ಅಭ್ಯಾಸ. ಶನಿವಾರ ರಾತ್ರಿ ಫೋರ್‌ಮನ್‌ನ ಪಂದ್ಯಗಳು, ಸಿಕ್ಕಷ್ಟನ್ನು ಮೊದಲಿನಿಂದ ಕ್ರಮವಾಗಿ ನೋಡುವುದು. ಎಂಟು ತಿಂಗಳು ಹೀಗೇ ನಡೆಯಿತು.

ಮೊದಲ ದಿನ ಗುದ್ದು ಹೇಳಿಕೊಡಲಿಲ್ಲ. ಕೈಗೆ ಬ್ಯಾಂಡೇಜ್ ಸುತ್ತುವುದನ್ನು ಹೇಳಿಕೊಟ್ಟರು. ಗಾಯದ ಬ್ಯಾಂಡೇಜ್ ಅಲ್ಲ, ಗ್ಲೌಸ್ ಒಳಗೆ ಸುತ್ತಿಕೊಳ್ಳುವ ಉದ್ದನೆ ಬಟ್ಟೆ. ನಾಲ್ಕೂವರೆ ಮೀಟರ್ ಇತ್ತು. ಒಂದು ತುದಿಯಲ್ಲಿ ಕುಣಿಕೆ, ಅದರೊಳಗೆ ಹೆಬ್ಬೆರಳು. ಕೈಯ ಹಿಂಬದಿಯಿಂದ ತಂದು ಮಣಿಕಟ್ಟಿಗೆ ಮೂರು ಸುತ್ತು. ಗೆಣ್ಣುಗಳ ಮೇಲೆ ಮೂರು ಸುತ್ತು. ಆಮೇಲೆ ಬೆರಳ ಸಂದಿಯಲ್ಲಿ ಒಂದೊಂದಾಗಿ ಹಾಯಿಸಿ ಮತ್ತೆ ಮಣಿಕಟ್ಟಿಗೆ. ನಾನು ಬೆರಳುಗಳನ್ನು ಒತ್ತಾಗಿ ಹಿಡಿದು ಸುತ್ತುತ್ತಿದ್ದೆ. ಕೋಚ್ ನನ್ನ ಕೈ ಹಿಡಿದು ಬೆರಳು ಬಿಡಿಸಿದರು.

“ಅಗಲ ಮಾಡಿ ಮೇಡಂ, ಎಷ್ಟಾಗುತ್ತೋ ಅಷ್ಟು ಅಗಲ. ಹೀಗೆ ಒತ್ತಾಗಿ ಹಿಡಿದು ಸುತ್ತಿದ್ರೆ ಮುಷ್ಟಿ ಕಟ್ಟಿದಾಗ ಬಟ್ಟೆ ಬಿಗಿದುಬಿಡುತ್ತೆ. ಕೈ ಜೋಮು ಹಿಡಿಯುತ್ತೆ.”

ಎರಡನೇ ವಾರ ಜ್ಯಾಬ್. ಎಡಗೈಯನ್ನು ನೇರ ಮುಂದಕ್ಕೆ ಚಾಚಿ, ಅದೇ ದಾರಿಯಲ್ಲಿ ವಾಪಸ್ ಗಲ್ಲದ ಹತ್ತಿರ ತರುವುದು. ನೋಡಲು ಏನೂ ಇಲ್ಲ. ಕನ್ನಡಿ ಮುಂದೆ ನಿಂತು ಇದೊಂದನ್ನೇ ದಿನಕ್ಕೆ ಇನ್ನೂರು ಸಲ ಮಾಡಿಸಿದರು. ನಾನು ಮುಷ್ಟಿಯನ್ನು ಕಲ್ಲಿನ ಹಾಗೆ ಬಿಗಿದುಕೊಂಡು ಮಾಡುತ್ತಿದ್ದೆ. ಇಪ್ಪತ್ತಕ್ಕೇ ಭುಜ ಉರಿಯುತ್ತಿತ್ತು.

“ತಗಲೋ ಕ್ಷಣಕ್ಕೆ ಮಾತ್ರ ಬಿಗಿ. ಹೋಗೋವಾಗ ಸಡಿಲ, ಬರೋವಾಗ ಸಡಿಲ” ಅಂದರು ಕೋಚ್. ಕೇಳಿದಾಗ ಅರ್ಥವಾದ ಹಾಗಿತ್ತು. ಕೈಗೆ ಅರ್ಥವಾಗಲು ತಿಂಗಳುಗಟ್ಟಲೆ ಬೇಕಾಯಿತು. ಫೋರ್‌ಮನ್‌ಗೆ ಅದಕ್ಕೆ ಅರ್ಧ ಆಯಸ್ಸೇ ಬೇಕಾಗಿತ್ತು ಅಂತ ಶನಿವಾರದ ರಾತ್ರಿಗಳು ತೋರಿಸಿಕೊಟ್ಟವು.

ಅವನು ಹುಟ್ಟಿದ್ದು 1949ರ ಜನವರಿ 10ರಂದು, ಟೆಕ್ಸಾಸ್‌ನ ಮಾರ್ಷಲ್ ಎಂಬ ಊರಲ್ಲಿ. ಬೆಳೆದಿದ್ದು ಹ್ಯೂಸ್ಟನ್‌ನ ಫಿಫ್ತ್ ವಾರ್ಡ್‌ನಲ್ಲಿ. ಏಳು ಮಕ್ಕಳ ಬಡ ಮನೆ. ಹಸಿವು ಜಾಸ್ತಿ, ಅದಕ್ಕೆ ತಕ್ಕ ಹಾಗೆ ಸಿಟ್ಟೂ ಜಾಸ್ತಿ. ಸ್ಕೂಲು ಬಿಟ್ಟ. ಬೀದಿಯಲ್ಲಿ ಜನರನ್ನು ಹೆದರಿಸಿ ದುಡ್ಡು ಕಿತ್ತುಕೊಳ್ಳತೊಡಗಿದ. ಒಂದು ಸಲ ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆಂದು ಒಂದು ಮನೆಯ ಕೆಳಗೆ ನುಸುಳಿ, ನಾಯಿಗೆ ವಾಸನೆ ಹತ್ತಬಾರದು ಅಂತ ಮೈಗೆಲ್ಲ ಕೊಚ್ಚೆ ಬಳಿದುಕೊಂಡು ಮಲಗಿದ್ದನಂತೆ. ಇದನ್ನು ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ತಾನು ಏನಾಗಿಬಿಟ್ಟೆ ಅನ್ನುವುದು ಅವನಿಗೆ ಹೊಳೆದಿದ್ದು ಆ ಕೊಚ್ಚೆಯಲ್ಲಿ.

16ಕ್ಕೆ ಜಾಬ್ ಕಾರ್ಪ್ಸ್ ಸೇರಿದ. ಬಡ ಹುಡುಗರಿಗೆ ಕಸುಬು ಕಲಿಸಲು ಅಮೆರಿಕ ಸರ್ಕಾರ ಮಾಡಿದ್ದ ಯೋಜನೆ ಅದು. ಅಲ್ಲೂ ಹೊಡೆದಾಟ ಬಿಡಲಿಲ್ಲ. ಕ್ಯಾಲಿಫೋರ್ನಿಯಾದ ಕೇಂದ್ರದಲ್ಲಿದ್ದ ಡಾಕ್ ಬ್ರಾಡಸ್ ಅವನ ಕೈಗೆ ಗ್ಲೌಸ್ ಹಾಕಿಸಿದರು. ಮೊದಲ ಅಮೆಚೂರ್ ಪಂದ್ಯ ಆಡಿ ಎರಡು ವರ್ಷ ತುಂಬುವುದರೊಳಗೆ 1968ರ ಮೆಕ್ಸಿಕೋ ಒಲಿಂಪಿಕ್ಸ್‌ನ ಚಿನ್ನ ಬಂತು. ವಯಸ್ಸು 19.

ಫೈನಲ್ ಗೆದ್ದು ರಿಂಗ್‌ನಲ್ಲಿ ಒಂದು ಪುಟ್ಟ ಅಮೆರಿಕ ಬಾವುಟ ಬೀಸಿದ. ಅದಕ್ಕೆ ಕೆಲವೇ ದಿನ ಮೊದಲು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಪದಕದ ವೇದಿಕೆ ಮೇಲೆ ಕಪ್ಪು ಗ್ಲೌಸಿನ ಮುಷ್ಟಿ ಎತ್ತಿ, ಅಮೆರಿಕದಲ್ಲಿ ಕಪ್ಪು ಜನರಿಗೆ ಆಗುತ್ತಿದ್ದ ಅನ್ಯಾಯವನ್ನು ಪ್ರತಿಭಟಿಸಿದ್ದರು. ಹಾಗಾಗಿ ಊರಿಗೆ ಹಿಂತಿರುಗಿದಾಗ ಅವನದೇ ಕಪ್ಪು ಜನರಲ್ಲಿ ಎಷ್ಟೋ ಮಂದಿ ಮುನಿಸಿಕೊಂಡರು. ನನಗೆ ಅವನ ತಪ್ಪು ಕಾಣುವುದಿಲ್ಲ. ಊಟ, ಬಟ್ಟೆ, ಒಂದು ದಾರಿ ಕೊಟ್ಟಿದ್ದು ಆ ಸರ್ಕಾರಿ ಯೋಜನೆ. ಅವನ ಮಟ್ಟಿಗೆ ಬಾವುಟ ಅಂದರೆ ಅದು. ಸ್ಮಿತ್, ಕಾರ್ಲೋಸ್ ಮಾಡಿದ್ದೂ ಸರಿ. ಆದರೆ ಚಿನ್ನ ಗೆದ್ದು ಬಂದ ಹುಡುಗನ ಮುಖಕ್ಕೆ ತನ್ನವರೇ ಬೆನ್ನು ತಿರುಗಿಸಿದರೆ ಹೇಗಾಗಬೇಡ?

ವೃತ್ತಿಗೆ ಇಳಿದಿದ್ದು 1969ರಲ್ಲಿ. ಮಾಜಿ ಚಾಂಪಿಯನ್ ಸನ್ನಿ ಲಿಸ್ಟನ್ ಜೊತೆ ಅಭ್ಯಾಸ ಮಾಡುತ್ತಿದ್ದ. ನೋಟದಲ್ಲೇ ಎದುರಾಳಿಯ ಕಾಲು ನಡುಗಿಸುವವನು ಲಿಸ್ಟನ್. ಆ ನೋಟವನ್ನೂ ಆ ಮೌನವನ್ನೂ ಫೋರ್‌ಮನ್ ಹಾಗೇ ಎತ್ತಿಕೊಂಡ. 1973ರ ಜನವರಿ 22ರಂದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜಿಯರ್ ಎದುರು ನಿಂತಾಗ ಅವನ ಮುಖ ನೋಡಬೇಕು. ಫ್ರೇಜಿಯರ್ ಅಂದರೆ ಅಲಿಯನ್ನೇ ಸೋಲಿಸಿದ್ದ, ಅಲ್ಲಿಯವರೆಗೆ ಒಂದೂ ಸೋಲು ಕಾಣದ ಚಾಂಪಿಯನ್. ಎರಡು ರೌಂಡ್ ಮುಗಿಯುವ ಮೊದಲೇ ಆರು ಸಲ ಬಿದ್ದ. ನಾನು ಅದನ್ನು ಒಂದೇ ಸಲ ನೋಡಿದ್ದು. ಗೆದ್ದವನ ಮುಖದಲ್ಲಿ ಸಂತೋಷ ಹುಡುಕಿದೆ, ಸಿಗಲಿಲ್ಲ.

ಆರನೇ ವಾರ ನನ್ನನ್ನು ದೊಡ್ಡ ಬ್ಯಾಗ್ ಮುಂದೆ ನಿಲ್ಲಿಸಿದರು. ಮೇಲಿಂದ ನೇತುಬಿದ್ದ, ನನ್ನ ಎತ್ತರದ ಚೀಲ. ಒಂದು ರೌಂಡ್ ಅಂದರೆ ಮೂರು ನಿಮಿಷ. ಗಂಟೆ ಹೊಡೆಯಿತು.

ಮೊದಲ ಅರ್ಧ ನಿಮಿಷ ಅದ್ಭುತವಾಗಿತ್ತು. ಎಷ್ಟೋ ವರ್ಷದ್ದೆಲ್ಲ ಕೈಗೆ ಬಂತು. ಬೈಸಿಕೊಂಡು ಸುಮ್ಮನಿದ್ದ ದಿನಗಳು, ನುಂಗಿಕೊಂಡ ಮಾತುಗಳು, ಎಲ್ಲ. ಶಕ್ತಿ ಇದ್ದಷ್ಟೂ ಹಾಕಿ ಹೊಡೆದೆ. ಬ್ಯಾಗ್ ಧಪ್ ಅಂತ ಸದ್ದು ಮಾಡಿದಾಗ ಮೈಯೆಲ್ಲ ಝುಮ್ ಅಂದಿತು. ಒಂದು ನಿಮಿಷ ಆಗುವ ಹೊತ್ತಿಗೆ ಬಾಯಲ್ಲಿ ಉಸಿರಾಡುತ್ತಿದ್ದೆ. ಒಂದೂವರೆ ನಿಮಿಷಕ್ಕೆ ಗ್ಲೌಸ್‌ಗೆ ಯಾರೋ ನೀರು ತುಂಬಿದ ಹಾಗಾಯಿತು. ಕೈ ಎತ್ತು ಅಂದರೆ ಏಳುತ್ತಿಲ್ಲ. ಗುದ್ದು ಹೊರಟ ಮೇಲೆ ನಿಧಾನವಾಗಿ ಹೋಗಿ ಬ್ಯಾಗ್‌ಗೆ ತಾಗಿ ಅಲ್ಲೇ ಒರಗುತ್ತಿತ್ತು. ಬ್ಯಾಗ್ ತಿರುಗಿ ಹೊಡೆಯುವುದಿಲ್ಲ, ಓಡುವುದೂ ಇಲ್ಲ. ಸುಮ್ನೆ ನೇತಾಡುತ್ತಾ ನನ್ನ ಗುದ್ದು ತಿನ್ನುತ್ತಿತ್ತು, ಅಷ್ಟೇ. ಎರಡೂಕಾಲು ನಿಮಿಷಕ್ಕೆ ಬ್ಯಾಗನ್ನು ತಬ್ಬಿಕೊಂಡು ನಿಂತುಬಿಟ್ಟೆ.

ಕೋಚ್ ಬೈಯಲಿಲ್ಲ. “ಇನ್ನೂ ನಲವತ್ತೈದು ಸೆಕೆಂಡ್ ಇದೆ. ಸಿಟ್ಟು ಒಂದು ನಿಮಿಷ ಬರುತ್ತೆ ಮೇಡಂ. ಮಿಕ್ಕಿದ್ದಕ್ಕೆ ಉಸಿರು ಬೇಕು” ಅಂದರು.

ಆ ಶನಿವಾರ ಕಿನ್ಶಾಸಾ ನೋಡಿದೆ. ಅಪ್ಪ ಹೇಳುತ್ತಿದ್ದ ಅದೇ ಪಂದ್ಯ. 1974ರ ಅಕ್ಟೋಬರ್ 30, ಆಫ್ರಿಕಾದ ಆಗಿನ ಜೈರ್ ದೇಶದ ರಾಜಧಾನಿ. ಇಬ್ಬರಿಗೂ ತಲಾ 50 ಲಕ್ಷ ಡಾಲರ್. ಅಮೆರಿಕದ ಟಿವಿ ಹೊತ್ತಿಗೆ ಹೊಂದಬೇಕು ಅಂತ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಶುರುವಾಯಿತು. ಫೋರ್‌ಮನ್‌ಗೆ 25 ವರ್ಷ, 40 ಪಂದ್ಯ ಆಡಿ 40 ಗೆದ್ದಿದ್ದ. ಅಲಿಗೆ 32. ಸ್ಟೇಡಿಯಂ ಪೂರ್ತಿ ಅಲಿ ಕಡೆ. ಫೋರ್‌ಮನ್ ತನ್ನ ಜರ್ಮನ್ ಶೆಫರ್ಡ್ ನಾಯಿ ಹಿಡಿದು ಆ ದೇಶಕ್ಕೆ ಇಳಿದಿದ್ದ. ಬೆಲ್ಜಿಯಂನವರು ಆಳುತ್ತಿದ್ದಾಗ ಪೊಲೀಸರು ಜನರ ಮೇಲೆ ಬಿಡುತ್ತಿದ್ದುದು ಅಂಥ ನಾಯಿಗಳನ್ನೇ. ಅವನಿಗೆ ಅದು ಗೊತ್ತಿರಲಿಲ್ಲ. ಯಾರೂ ಹೇಳಿರಲೂ ಇಲ್ಲವೇನೋ.

ಚಿಕ್ಕಂದಿನಿಂದ ಈ ಕಥೆಯನ್ನು ಅಲಿಯ ಜಾಣತನದ ಕಥೆ ಅಂತ ಕೇಳಿದ್ದೆ. ಈ ಸಲ ನನ್ನ ಕಣ್ಣು ಅಲಿ ಮೇಲೆ ನಿಲ್ಲಲೇ ಇಲ್ಲ. ಎರಡನೇ ರೌಂಡ್‌ನಿಂದ ಅಲಿ ಹಗ್ಗಕ್ಕೆ ಒರಗಿದ. ಮುಖದ ಮುಂದೆ ಕೈ ಅಡ್ಡ ಹಿಡಿದ. ಫೋರ್‌ಮನ್ ಹೊಡೆದ, ಹೊಡೆದ, ಹೊಡೆದೇ ಹೊಡೆದ. ಪಕ್ಕೆಗೆ, ತೋಳಿಗೆ, ಎಲ್ಲಿ ಸಿಕ್ಕಿದರೆ ಅಲ್ಲಿ. ಪ್ರತಿ ಗುದ್ದೂ ಕೊನೆಯ ಗುದ್ದು ಅನ್ನುವ ಹಾಗೆ. ಐದನೇ ರೌಂಡ್ ಮುಗಿಯುವಾಗ ಅವನ ಬಲಗೈ ಹೊರಟು ಅಲಿಯ ತೋಳಿಗೆ ತಾಗಿ ಅಲ್ಲೇ ಒರಗಿತು. ಅದನ್ನು ನೋಡಿ ನನ್ನ ಭುಜ ತಾನಾಗಿ ಭಾರವಾಯಿತು. ಆ ಕೈ ನನಗೆ ಗೊತ್ತಿತ್ತು. ಮೂರು ದಿನದ ಹಿಂದೆ ಬ್ಯಾಗ್‌ಗೆ ಒರಗಿದ್ದು ಅಂಥದೇ ಕೈ.

ಏಳನೇ ರೌಂಡ್‌ನ ಹೊತ್ತಿಗೆ ಒಮ್ಮೆ ಬಲವಾಗಿ ಹೊಡೆದಾಗ ಅಲಿ ಕಿವಿಯಲ್ಲಿ, ‘ನಿನ್ನ ಹತ್ರ ಇರೋದು ಇಷ್ಟೇನಾ ಜಾರ್ಜ್?’ ಅಂತ ಕೇಳಿದನಂತೆ. ಹೌದು, ಇಷ್ಟೇ ಅಂತ ತನ್ನ ಮನಸ್ಸು ಹೇಳಿತು ಅಂತ ಫೋರ್‌ಮನ್ ಮುಂದೆ ಎಷ್ಟೋ ಸಲ ಹೇಳಿದ್ದಾನೆ. ಎಂಟನೇ ರೌಂಡ್ ಮುಗಿಯಲು ಕೆಲವೇ ಸೆಕೆಂಡ್ ಇರುವಾಗ ಬಿದ್ದ. 81 ಪಂದ್ಯಗಳಲ್ಲಿ ಅವನು ನಾಕೌಟ್ ಆಗಿ ಸೋತಿದ್ದು ಅದೊಂದೇ. ಗುದ್ದಿನಿಂದ ಬಿದ್ದನೇ, ದಣಿವಿನಿಂದ ಬಿದ್ದನೇ ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ದಣಿವು.

ಸೋಲನ್ನು ಅವನು ನುಂಗಲಿಲ್ಲ. ಹಗ್ಗ ಸಡಿಲ ಮಾಡಿದ್ದರು ಅಂದ. ಕುಡಿಯುವ ನೀರಿನಲ್ಲಿ ಏನೋ ಬೆರೆಸಿದ್ದರು ಅಂದ. ಮರುವರ್ಷ ಟೊರಾಂಟೊದಲ್ಲಿ ಒಂದೇ ದಿನ ಐವರ ಜೊತೆ ಒಬ್ಬರಾದ ಮೇಲೆ ಒಬ್ಬರಂತೆ ಪ್ರದರ್ಶನ ಪಂದ್ಯ ಆಡಿದ. ಅದನ್ನು ನೋಡುವುದಕ್ಕೇ ಸಂಕಟವಾಗುತ್ತದೆ. ತನಗೆ ದಣಿವೇ ಇಲ್ಲ ಅಂತ ತೋರಿಸಲು ಹೊರಟವನ ಕಣ್ಣು ಹಾಗಿರುತ್ತದೆ. 1976ರ ಜನವರಿಯಲ್ಲಿ ರಾನ್ ಲೈಲ್ ಜೊತೆಗಿನ ಪಂದ್ಯದಲ್ಲಿ ನಾಲ್ಕನೇ ರೌಂಡ್ ಒಂದರಲ್ಲೇ ಎರಡು ಸಲ ಬಿದ್ದು ಎದ್ದ, ಐದನೇ ರೌಂಡ್‌ನಲ್ಲಿ ಗೆದ್ದ. ಬೀಳುವುದು ಗೊತ್ತಾಯಿತು, ಏಳುವುದೂ ಗೊತ್ತಾಯಿತು. ಆದರೆ ಸಡಿಲ ಬಿಡುವುದು ಇನ್ನೂ ಗೊತ್ತಾಗಿರಲಿಲ್ಲ.

ನನಗೂ ಗೊತ್ತಾಗಿರಲಿಲ್ಲ. ಮೂರನೇ ತಿಂಗಳಲ್ಲಿ ಬಲಗೈ ಮಣಿಕಟ್ಟು ಉಳುಕಿತು. ಕೋಚ್ ಬೇರೆಯವರನ್ನು ನೋಡುತ್ತಿದ್ದಾಗ ಆತುರಕ್ಕೆ ಬಿದ್ದು ಬ್ಯಾಗ್‌ನ ಅಂಚಿಗೆ ಓರೆಯಾಗಿ ಬಲವಾಗಿ ಹೊಡೆದೆ. ಮಣಿಕಟ್ಟು ಮಡಚಿಕೊಂಡಿತು. ಮೂಳೆ ಮುರಿದಿರಲಿಲ್ಲ. ಆದರೂ ನಾಲ್ಕು ವಾರ ಬಲಗೈ ಮುಟ್ಟುವ ಹಾಗಿಲ್ಲ ಅಂದರು. ಮನೆಯಲ್ಲಿ ಕೂರುತ್ತೇನೆ ಅಂದುಕೊಂಡೆ. ಕೋಚ್ ಬಿಡಲಿಲ್ಲ. “ಎಡಗೈ ಇದೆಯಲ್ಲ, ಬನ್ನಿ” ಅಂದರು. ನಾಲ್ಕು ವಾರ ಬರೀ ಜ್ಯಾಬ್. ಹೊಡೆಯಬೇಕು ಅನ್ನುವ ಕೈ ಬಟ್ಟೆಯಲ್ಲಿ ಸುತ್ತಿಕೊಂಡು ಎದೆಯ ಹತ್ತಿರ ಸುಮ್ಮನಿತ್ತು. ನನಗೆ ಈಗಲೂ ಅನ್ನಿಸುತ್ತದೆ, ಆ ಎಂಟು ತಿಂಗಳಲ್ಲಿ ನಾನು ಕಲಿತಿದ್ದರಲ್ಲಿ ಅರ್ಧ ಆ ನಾಲ್ಕು ವಾರದಲ್ಲಿ ಬಂದಿದ್ದು ಅಂತ.

ಆ ವಾರಗಳ ಶನಿವಾರಗಳಲ್ಲಿ ನೋಡಲು ಪಂದ್ಯವೂ ಇರಲಿಲ್ಲ. ಯಾಕೆಂದರೆ ಫೋರ್‌ಮನ್ ಬಿಟ್ಟು ಹೋಗಿದ್ದ. 1977ರ ಮಾರ್ಚ್ 17, ಪೋರ್ಟೊ ರಿಕೊದ ಸ್ಯಾನ್ ಹ್ವಾನ್. ಜಿಮ್ಮಿ ಯಂಗ್ ಎಂಬ ಚುರುಕಾದ ಆಟಗಾರ 12 ರೌಂಡ್ ಆಡಿಸಿ ತೀರ್ಪಿನಲ್ಲಿ ಗೆದ್ದ. ಕೊನೆಯ ರೌಂಡ್‌ನಲ್ಲಿ ಫೋರ್‌ಮನ್ ಒಮ್ಮೆ ಕೆಳಗೂ ಬಿದ್ದ. ವಿಪರೀತ ಸೆಕೆ. ಪಂದ್ಯ ಮುಗಿದ ಮೇಲೆ ಡ್ರೆಸ್ಸಿಂಗ್ ರೂಮಿನಲ್ಲಿ ಅವನಿಗೆ ಸಾವಿನ ಬಾಗಿಲು ಕಂಡಂತಾಯಿತು. ಅಲ್ಲಿ ದೇವರು ತನ್ನನ್ನು ಹಿಡಿದೆತ್ತಿದ ಅಂತ ಕೊನೆಯವರೆಗೂ ನಂಬಿದ್ದ. ಅದು ಸೆಕೆಯ ಬಳಲಿಕೆ ಅನ್ನುವವರೂ ಇದ್ದಾರೆ. ಅದನ್ನು ತೀರ್ಮಾನ ಮಾಡಲು ನನಗೆ ಮನಸ್ಸಿಲ್ಲ. ಒಳಗೆ ಹೋದವನು ಒಬ್ಬ, ಹೊರಗೆ ಬಂದವನು ಇನ್ನೊಬ್ಬ, ಅಷ್ಟು ನಿಜ.

28ನೇ ವಯಸ್ಸಿಗೆ ಬಾಕ್ಸಿಂಗ್ ಬಿಟ್ಟ. ಹ್ಯೂಸ್ಟನ್‌ನ ಬೀದಿ ತಿರುವುಗಳಲ್ಲಿ ನಿಂತು ಬೋಧನೆ ಮಾಡಿದ. ಒಂದು ಸಣ್ಣ ಚರ್ಚ್ ಕಟ್ಟಿದ. 1984ರಲ್ಲಿ ಹುಡುಗರಿಗಾಗಿ ಒಂದು ಕೇಂದ್ರ ತೆರೆದ. ತಾನು ಒಂದು ಕಾಲಕ್ಕೆ ಇದ್ದಂಥ ಹುಡುಗರಿಗೆ ಬಾಗಿಲು ತೆರೆದಿಟ್ಟ ಜಾಗ ಅದು. ಆ ಹತ್ತು ವರ್ಷದಲ್ಲಿ ಒಮ್ಮೆಯೂ ಮುಷ್ಟಿ ಕಟ್ಟಲಿಲ್ಲ ಅಂತ ಅವನು ಆಮೇಲೆ ಹೇಳಿದ್ದಾನೆ. ಇದನ್ನು ಓದಿದಾಗ ನಾನು ನನ್ನ ಕಟ್ಟು ಹಾಕಿದ ಬಲಗೈ ನೋಡಿಕೊಂಡೆ.

ಕೇಂದ್ರ ನಡೆಸಲು ದುಡ್ಡು ಸಾಲದಾಯಿತು. ಊರೂರು ತಿರುಗಿ ಕೈಚಾಚಲು ಅವನಿಗೆ ಮನಸ್ಸಾಗಲಿಲ್ಲ. ದುಡಿಯಲು ಗೊತ್ತಿದ್ದಿದ್ದು ಒಂದೇ ಕೆಲಸ. 1987ರ ಮಾರ್ಚ್‌ನಲ್ಲಿ, 38ನೇ ವಯಸ್ಸಿಗೆ ಮತ್ತೆ ರಿಂಗ್ ಹತ್ತಿದ. ತೂಕ 121 ಕೆಜಿ. ಅಲಿ ಜೊತೆ ಆಡಿದ್ದಾಗ 100 ಇತ್ತು. ತಲೆ ಬೋಳಿಸಿದ್ದ. ಪತ್ರಿಕೆಯವರು ಅವನ ಹೊಟ್ಟೆ ನೋಡಿ ಬರೆದರು. ಗೆದ್ದಾಗ ಎದುರಾಳಿಗಳು ಲೆಕ್ಕಕ್ಕಿಲ್ಲದವರು ಅಂತ ಬರೆದರು. ಅದರಲ್ಲಿ ನಿಜವೂ ಇತ್ತು. ಆದರೆ ಒಬ್ಬರಾದ ಮೇಲೆ ಒಬ್ಬರಂತೆ 24 ಜನರನ್ನು ಸೋಲಿಸಿದ.

ಬಲಗೈ ವಾಸಿಯಾಗುತ್ತಿದ್ದ ಹೊತ್ತಿಗೆ ಈ ಎರಡನೇ ಫೋರ್‌ಮನ್‌ನನ್ನು ನೋಡತೊಡಗಿದೆ. ಮೊದಲು ಕಂಡಿದ್ದು ಅವನ ಮುಖ. ನಗುತ್ತಿದ್ದ. ಎರಡನೆಯದು ಎಡಗೈ. ಹಳೆಯ ಫೋರ್‌ಮನ್ ಕೂಡ ಜ್ಯಾಬ್ ಹಾಕುತ್ತಿದ್ದ. ಆದರೆ ಅದು ಬಲಗೈಗೆ ದಾರಿ ಮಾಡಿಕೊಡಲು ಅಷ್ಟೇ ಅನ್ನುವ ಹಾಗಿತ್ತು. ಈಗ ಜ್ಯಾಬೇ ಆಟ. ನಿಧಾನಕ್ಕೆ ಮುಂದೆ ಹೆಜ್ಜೆ, ಎಡಗೈ. ಮತ್ತೆ ಹೆಜ್ಜೆ, ಮತ್ತೆ ಎಡಗೈ. ಗುದ್ದು ಬಂದಾಗ ಎರಡೂ ತೋಳನ್ನು ಮುಖದ ಮುಂದೆ ಅಡ್ಡ ಹಾಕಿ ತಡೆಯುತ್ತಿದ್ದ. ಇದು ಆರ್ಚಿ ಮೂರ್ ಅವರಿಂದ ಬಂದ ಪಟ್ಟು. ಮೂರ್ ಕೂಡ ನಲವತ್ತು ದಾಟಿದ ಮೇಲೂ ಚಾಂಪಿಯನ್ ಆಗಿದ್ದವರು. ಎಲ್ಲೂ ಆತುರವಿಲ್ಲ. 1991ರ ಏಪ್ರಿಲ್‌ನಲ್ಲಿ ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು ಪೂರ್ತಿ 12 ರೌಂಡ್ ಆಡಿ ಅಂಕಗಳಲ್ಲಿ ಸೋತ. ಅವನಿಗೆ 42, ಹೋಲಿಫೀಲ್ಡ್‌ಗೆ 28. ಕಿನ್ಶಾಸಾದಲ್ಲಿ ಎಂಟಕ್ಕೆ ಮುಗಿದುಹೋಗಿದ್ದ ಮನುಷ್ಯ 17 ವರ್ಷ ಜಾಸ್ತಿಯಾದ ಮೇಲೆ 12 ರೌಂಡ್ ನಿಂತ. ರೌಂಡ್‌ಗಳ ನಡುವೆ ಸ್ಟೂಲ್ ಮೇಲೆ ಕೂರುತ್ತಲೂ ಇರಲಿಲ್ಲ.

ಐದನೇ ತಿಂಗಳ ಕೊನೆಗೆ ನನ್ನನ್ನು ಸ್ಪಾರಿಂಗ್‌ಗೆ, ಅಂದರೆ ಎದುರಾಳಿ ಜೊತೆಗಿನ ಅಭ್ಯಾಸದ ಆಟಕ್ಕೆ ಇಳಿಸಿದರು. ತಲೆಗೆ ಹೆಡ್‌ಗಾರ್ಡ್, ಹಲ್ಲಿಗೆ ಗಾರ್ಡ್, 16 ಔನ್ಸ್ ಗ್ಲೌಸ್. ಎದುರಿಗೆ 19 ವರ್ಷದ ಹುಡುಗಿ. ಎರಡು ನಿಮಿಷದ ಮೂರು ರೌಂಡ್. ಅರ್ಧ ಬಲದಲ್ಲಿ ಮಾತ್ರ ಅಂತ ಇಬ್ಬರಿಗೂ ಹೇಳಿದ್ದರು.

ಮೊದಲ ಗುದ್ದು ಮೂಗಿಗೆ ಬಿತ್ತು. ನೋವಿಗಿಂತ ಜಾಸ್ತಿ ಆಗಿದ್ದು ಗಾಬರಿ. ಕಣ್ಣು ಮುಚ್ಚಿಕೊಂಡೆ. ಕಣ್ಣು ಮುಚ್ಚಿದವರಿಗೆ ಎರಡನೆಯದೂ ಬೀಳುತ್ತದೆ, ಬಿತ್ತು. ಆಮೇಲೆ ಸಿಟ್ಟು ಬಂತು. ನುಗ್ಗಿ ನಾಲ್ಕೈದು ಬಾರಿಸಿದೆ, ಒಂದೂ ತಾಗಲಿಲ್ಲ. ಅವಳು ಪಕ್ಕಕ್ಕೆ ಸರಿದು ನಿಂತಿದ್ದಳು. ಮೊದಲ ರೌಂಡ್ ಮುಗಿದಾಗ ನಾನು ಸ್ಟೂಲ್ ಪಕ್ಕ ನಿಂತೇ ಇದ್ದೆ. ಯಾಕೆ ಅಂತ ಕೋಚ್‌ಗೆ ಗೊತ್ತಿತ್ತು. ಫೋರ್‌ಮನ್ ಬಗ್ಗೆ ನಾನು ಅವರ ತಲೆ ತಿನ್ನುತ್ತಿದ್ದೆನಲ್ಲ.

“ಕೂತ್ಕೊಳ್ಳಿ. ಅವನಿಗೆ ನಿಲ್ಲೋಕೆ ಕಾಲಿತ್ತು, ನಿಂತ. ನಿಮ್ಮ ಕಾಲು ನಡುಗ್ತಿದೆ. ಮೂಗಲ್ಲಿ ಉಸಿರು ಎಳೀರಿ.”

ಕೂತೆ. ಒಂದು ನಿಮಿಷ ಎಷ್ಟು ಉದ್ದ ಅಂತ ಆಗ ಗೊತ್ತಾಯಿತು. ಎರಡನೇ ರೌಂಡ್‌ಗೆ ಎದ್ದಾಗ ಎಡಗೈ ಮಾತ್ರ ಆಡಿಸಿದೆ. ಆ ನಾಲ್ಕು ವಾರದ ಎಡಗೈ. ಹೋಗುವಾಗ ಸಡಿಲ, ಬರುವಾಗ ಸಡಿಲ. ಮೂರನೆಯದೋ ನಾಲ್ಕನೆಯದೋ ಅವಳ ಹಣೆಗೆ ಹೋಗಿ ಟಪ್ ಅಂತ ತಾಗಿತು. ಬಲ ಹಾಕಿರಲೇ ಇಲ್ಲ. ಅವಳ ತಲೆ ಹಿಂದಕ್ಕೆ ಹೋಗಿ ಬಂತು. ಹಲ್ಲಿನ ಗಾರ್ಡ್ ಕಾಣುವ ಹಾಗೆ ನಕ್ಕಳು. “ಹಾಂ ಅಕ್ಕ, ಇದು!” ಅಂದಳು.

ಮನೆಗೆ ಬಂದ ಮೇಲೆ ಸಂಜೆಯವರೆಗೆ ತಲೆ ಭಾರವಿತ್ತು. ಇದನ್ನು ಮುಚ್ಚಿಡಬಾರದು. ಅಲಿಗೆ ಪಾರ್ಕಿನ್‌ಸನ್ ಇದೆ ಅಂತ 1984ರಲ್ಲೇ ಗೊತ್ತಾಗಿತ್ತು. ತಲೆಗೆ ಬೀಳುವ ಗುದ್ದು ಯಾರನ್ನೂ ವಿಚಾರಿಸಿ ಬೀಳುವುದಿಲ್ಲ. ಎರಡು ವಾರಕ್ಕೊಮ್ಮೆ ಮಾತ್ರ, ಅರ್ಧ ಬಲಕ್ಕಿಂತ ಹೆಚ್ಚಿಲ್ಲ ಅಂತ ಕೋಚ್ ಹತ್ತಿರ ಕೂತು ಮಾತಾಡಿಕೊಂಡೆ. ಪಂದ್ಯ ಆಡುವ ಆಸೆ ನನಗಿಲ್ಲ. 1997ರ ಆಸ್ಕರ್ ಸಮಾರಂಭದಲ್ಲಿ, ಕಿನ್ಶಾಸಾ ಪಂದ್ಯದ ಬಗ್ಗೆ ಮಾಡಿದ್ದ ಸಾಕ್ಷ್ಯಚಿತ್ರಕ್ಕೆ ಪ್ರಶಸ್ತಿ ಬಂದಾಗ, ಕೈ ನಡುಗುತ್ತಿದ್ದ ಅಲಿಗೆ ವೇದಿಕೆ ಮೆಟ್ಟಿಲು ಹತ್ತಲು ಆಸರೆ ಕೊಟ್ಟವನು ಫೋರ್‌ಮನ್. ಆ ತುಣುಕು ನೋಡಿದ ಮೇಲೆ ಬಾಕ್ಸಿಂಗ್ ಮೇಲಿನ ಪ್ರೀತಿಯೂ ಭಯವೂ ನನ್ನಲ್ಲಿ ಒಟ್ಟಿಗೇ ಇವೆ.

ಎಂಟನೇ ತಿಂಗಳಿಗೆ 1994ರ ಪಂದ್ಯಕ್ಕೆ ಬಂದೆ. ಅದನ್ನು ಒಬ್ಬಳೇ ನೋಡಲು ಮನಸ್ಸಾಗಲಿಲ್ಲ. ಅಪ್ಪನನ್ನು ಕರೆದು ಕೂರಿಸಿದೆ. ಅಪ್ಪನಿಗೆ ಈಗ 78.

“ಆ ಫೋರ್‌ಮನ್ನಾ? ಅವನು ಆವಾಗ್ಲೇ ಮುಗಿದುಹೋದ್ನಲ್ಲ” ಅಂದರು. ನಾನು ಏನೂ ಹೇಳಲಿಲ್ಲ.

ನವೆಂಬರ್ 5, ಲಾಸ್ ವೇಗಸ್. ಮೈಕೆಲ್ ಮೂರರ್‌ಗೆ 26 ವರ್ಷ, ಸೋಲೇ ಕಾಣದ ಚಾಂಪಿಯನ್, ಎಡಗೈ ಆಟಗಾರ. ಇಷ್ಟು ವಯಸ್ಸಾದವನಿಗೆ ಪ್ರಶಸ್ತಿ ಪಂದ್ಯ ಕೊಡುವುದಿಲ್ಲ ಅಂತ ಸಂಸ್ಥೆಯೊಂದು ತಕರಾರು ತೆಗೆದಿತ್ತು. ಫೋರ್‌ಮನ್ ಕೋರ್ಟಿಗೆ ಹೋಗಿ ಅನುಮತಿ ತಂದಿದ್ದ. ಅವನು ತೊಟ್ಟಿದ್ದ ಕೆಂಪು ಚಡ್ಡಿ ಕಿನ್ಶಾಸಾದಲ್ಲಿ ತೊಟ್ಟಿದ್ದುದೇ. ಇಪ್ಪತ್ತು ವರ್ಷ ತೆಗೆದಿಟ್ಟಿದ್ದ.

ಮೊದಲ ರೌಂಡ್ ಮುಗಿದು ಅವನು ತನ್ನ ಮೂಲೆಗೆ ಬಂದ. ಅಪ್ಪ ಮುಂದಕ್ಕೆ ಬಗ್ಗಿದರು. ಕನ್ನಡಕ ಸರಿ ಮಾಡಿಕೊಂಡರು.

“ತಡಿ ತಡಿ. ಅಲ್ಲಿ ನಿಂತಿರೋನು ಅಲಿ ಕಡೆಯವನಲ್ವಾ?”

ಹೌದು, ಅಲಿಯ ಕೋಚ್ ಆ್ಯಂಜೆಲೊ ಡಂಡೀ. ಕಿನ್ಶಾಸಾದಲ್ಲಿ ಅಲಿಯ ಮೂಲೆಯಲ್ಲಿದ್ದ ಅದೇ ಡಂಡೀ ಈಗ ಫೋರ್‌ಮನ್‌ನ ಮೂಲೆಯಲ್ಲಿದ್ದ. ಅಪ್ಪ ಆಮೇಲೆ ಹಿಂದಕ್ಕೆ ಒರಗಲೇ ಇಲ್ಲ.

ಒಂಬತ್ತು ರೌಂಡ್ ಮೂರರ್‌ದೇ. ಮೂವರು ತೀರ್ಪುಗಾರರ ಲೆಕ್ಕದಲ್ಲೂ ಅವನೇ ಮುಂದಿದ್ದ, ಇಬ್ಬರಲ್ಲಿ 88–83. ಫೋರ್‌ಮನ್‌ನ ಎಡಗಣ್ಣು ಊದಿಕೊಳ್ಳುತ್ತಿತ್ತು. ಎಷ್ಟು ತಿಂದರೂ ಅದೇ ನಿಧಾನದ ಹೆಜ್ಜೆ, ಅದೇ ಎಡಗೈ. “ಹೊಡಿಯಪ್ಪ, ಏನು ಕಾಯ್ತಿದೀಯ” ಅಂತ ಅಪ್ಪ ಟಿವಿಗೇ ಹೇಳಿದರು. ಹತ್ತನೇ ರೌಂಡ್ ಎರಡು ನಿಮಿಷ ದಾಟುವ ಹೊತ್ತಿಗೆ ಒಂದು ಜ್ಯಾಬ್, ಅದರ ಬೆನ್ನಿಗೇ ಬಲಗೈ. ಚಿಕ್ಕ ಗುದ್ದು. ತೋಳು ಬೀಸಲಿಲ್ಲ, ಮೈ ತಿರುಚಲಿಲ್ಲ. ಒಂದು ಬಾಗಿಲು ತಳ್ಳಿದ ಹಾಗೆ. ಮೂರರ್ ಬೆನ್ನ ಮೇಲೆ ಬಿದ್ದ. ರೆಫರಿ ಹತ್ತು ಎಣಿಸಿದರು. ಫೋರ್‌ಮನ್ ಕುಣಿಯಲಿಲ್ಲ. ಮೂಲೆಗೆ ಹೋಗಿ ಮಂಡಿಯೂರಿ ತಲೆ ಬಗ್ಗಿಸಿದ.

ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಏನೇನು ಆಯಿತು ಅಂತ ಕೇಳಿದರು. ಹೇಳಿದೆ. 1997ರ ನವೆಂಬರ್‌ನಲ್ಲಿ, 48ರಲ್ಲಿ ಕೊನೆಯ ಪಂದ್ಯ. 76 ಗೆಲುವು, ಅದರಲ್ಲಿ 68 ನಾಕೌಟ್, ಐದೇ ಸೋಲು. ಟಿವಿಯಲ್ಲಿ ವೀಕ್ಷಕ ವಿವರಣೆ ಹೇಳಿದ. ಅವನ ಹೆಸರಿನ ಅಡುಗೆ ಗ್ರಿಲ್ ಹತ್ತು ಕೋಟಿಗೂ ಮಿಕ್ಕಿ ಮಾರಾಟವಾಯಿತು. ಐದು ಗಂಡುಮಕ್ಕಳಿಗೂ ಜಾರ್ಜ್ ಅಂತಲೇ ಹೆಸರಿಟ್ಟ. ಕೊನೆಯವರೆಗೂ ಬೋಧನೆ ಬಿಡಲಿಲ್ಲ.

ಅಪ್ಪನ ಕಣ್ಣು ನನ್ನ ಚೀಲದ ಮೇಲಿತ್ತು. ಬ್ಯಾಂಡೇಜ್‌ನ ತುದಿ ಹೊರಗೆ ಇಣುಕುತ್ತಿತ್ತು.

“ಅದನ್ನ ಹೆಂಗೆ ಸುತ್ತೋದು?” ಅಂದರು.

ಹತ್ತಿರ ಕೂತು ಅವರ ಬಲಗೈ ತೆಗೆದುಕೊಂಡೆ. ಹಗುರವಾಗಿತ್ತು. ಚರ್ಮದ ಕೆಳಗೆ ನರಗಳು ಎದ್ದು ಕಾಣುತ್ತಿದ್ದವು. ಕುಣಿಕೆಗೆ ಹೆಬ್ಬೆರಳು ಹಾಕಿಸಿದೆ. ಅವರು ಮಿಕ್ಕ ಬೆರಳುಗಳನ್ನು ಒತ್ತಾಗಿ ಹಿಡಿದುಕೊಂಡರು.

“ಅಗಲ ಮಾಡಿ ಅಪ್ಪ, ಎಷ್ಟಾಗುತ್ತೋ ಅಷ್ಟು.”

ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿಗೆ ಮೂರು ಸುತ್ತು. ಅವರ ಕೈ ಸಣ್ಣದು, ಬಟ್ಟೆ ಉಳಿಯಿತು. ಉಳಿದಿದ್ದನ್ನೂ ಮಣಿಕಟ್ಟಿಗೇ ಸುತ್ತಿ ಅಂಟಿಸಿದೆ. ಅಪ್ಪ ನಿಧಾನವಾಗಿ ಮುಷ್ಟಿ ಕಟ್ಟಿ ನೋಡಿದರು, ಬಿಟ್ಟರು, ಮತ್ತೆ ಕಟ್ಟಿದರು.

“ಬಿಗಿಯಾಯ್ತಾ?”

“ಇಲ್ಲ, ಸರಿ ಇದೆ” ಅಂದರು. “ಒಂಬತ್ತನೇ ರೌಂಡ್‌ನಿಂದ ಇನ್ನೊಂದು ಸಲ ಹಾಕು.”